ಕಳೆ ಬಿಟ್ಟ ಪಾತಿಗೆ ಕಾವಲು

ಹೊಲಕ್ಕೆ ಇಳಿಯುವ ಮುಂಚೆ ಅಕ್ಕ ಬದುವಿನ ಮೇಲೆ ಒಂದು ಸುತ್ತು ಬರುತ್ತಿದ್ದಳು. ಅವಳ ಗುಂಪಿನ ಹತ್ತು ಮಂದಿ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಕಳೆಕೊತ್ತು ಹಿಡಿದು ಅಲ್ಲಿಯವರೆಗೆ ಕಾಯಬೇಕು. ಕಳೆಕೊತ್ತು ಎಂದರೆ ಗೇಣುದ್ದ ಹಿಡಿಯ ಪುಟ್ಟ ಗುದ್ದಲಿ, ಕೂತುಕೊಂಡೇ ಕೆತ್ತುವಂಥದ್ದು. ಸುತ್ತು ಮುಗಿಸಿ ಬಂದವಳು ಯಾವ ಮೂಲೆಯಲ್ಲಿ ಕಳೆ ದಟ್ಟವಾಗಿದೆಯೋ ಆ ಮೂಲೆಗೆ ತಾನೇ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಉಳಿದವರು ಅವಳ ಪಕ್ಕದಿಂದ ಸಾಲಾಗಿ. ಕಷ್ಟದ ಮೂಲೆ ಹಿರಿಯವಳಿಗೆ ಎನ್ನುವುದು ಅವಳು ಮಾಡಿಕೊಂಡ ಕಾನೂನು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮುರಿಯಲೂ ಇಲ್ಲ.

ಮೊನ್ನೆ ತಿರುಪ್ಪೂರಿನಲ್ಲಿ ನಮ್ಮ ಕಡೆಯವರ ಒಂದು ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ನೂಲಿನ ವ್ಯಾಪಾರಿ. ಮಾತಿಗೆ ಮಾತು ಬಂದು, ಅವರು ಅಕ್ಕನ ತಮ್ಮನ ಮಗ ಎಂದು ಗೊತ್ತಾಯಿತು. "ಅತ್ತೆ ಹೋದ ವರ್ಷ ಆಡಿ ತಿಂಗಳಲ್ಲೇ ಹೋಗ್ಬಿಟ್ರಲ್ಲ ಸಾರ್, ನಿಮಗೆ ಯಾರೂ ಹೇಳಲಿಲ್ವಾ?" ಎಂದರು. ಎಲೆಗೆ ಬಿದ್ದ ಪಾಯಸವನ್ನು ನಾನು ಮುಟ್ಟಲಿಲ್ಲ. ಅವರು ಅದನ್ನು ಸಕ್ಕರೆ ಕಾಯಿಲೆಯ ಲೆಕ್ಕಕ್ಕೆ ಹಾಕಿ ಮೆಂತ್ಯದ ಪುಡಿಯ ಗುಣಗಾನ ಶುರುಮಾಡಿದರು. ತಿದ್ದುವ ಮನಸ್ಸಾಗಲಿಲ್ಲ. ಕೇಳಿಸಿಕೊಳ್ಳುತ್ತಾ ತಲೆಯಾಡಿಸಿದೆ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಐವತ್ತರ ದಶಕದ ನಡುವಿನ ಮಾತಿದು. ಕೊಯಮತ್ತೂರಿನಿಂದ ಸೂಲೂರಿಗೆ ಹೋಗುವ ದಾರಿಯಲ್ಲಿ ಒಂದು ಸರ್ಕಾರಿ ಬೇಸಾಯದ ಫಾರಂ ಇತ್ತು. ಅಲ್ಲಿ ನಾನು ಹೊಲದ ಸಹಾಯಕ. ಹಗ್ಗ ಹಿಡಿದು ಪಾತಿ ಅಳೆಯುವುದು, ಗೂಟ ನೆಡುವುದು, ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಅಪ್ಪ ಕೊಯಮತ್ತೂರಿನಲ್ಲಿ ಶಾಲಾ ಮೇಷ್ಟರು. ನಾನು ಪೇಟೆಯಲ್ಲೇ ಬೆಳೆದವನು. ಬೇಸಾಯದ ಪಾಠವನ್ನು ಓದಿ ಪಾಸು ಮಾಡಿದ್ದೆನೇ ಹೊರತು, ಪೈರಿಗೂ ಕಳೆಗೂ ವ್ಯತ್ಯಾಸ ಹೇಳು ಎಂದರೆ ಪುಸ್ತಕ ಹುಡುಕಬೇಕಾಗಿತ್ತು.

ಸೇರಿದ ಮೊದಲನೇ ವಾರ, ಎರಡೆಲೆ ಬಿಟ್ಟ ಒಂದು ಮೊಳಕೆ ಕಿತ್ತು, "ಇದು ಯಾವ ಕಳೆ?" ಎಂದು ಹೆಂಗಸರನ್ನು ತಮಿಳಿನಲ್ಲಿ ಗತ್ತಿನಿಂದ ಕೇಳಿದೆ. ಅವರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡರು. ಅದು ನಾವು ಬಿತ್ತಿದ ಸೋಯಾ ಅವರೆಯೇ. "ಅಯ್ಯೋ ಶಿವನೇ, ಮಾನ ಹೋಯ್ತು" ಎಂದು ನನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿಕೊಂಡೆ.

ಮೂಲೆಯಲ್ಲಿ ಕೂತಿದ್ದವಳು ತಲೆಯೆತ್ತಿದಳು. ನಲವತ್ತೈದರ ಆಸುಪಾಸು, ಒಣಕಲು ಮೈ, ನಗುವಾಗಲೂ ನೆಟ್ಟನೆ ನೋಡುವ ಕಣ್ಣು.

"ಮಾನ ಹೋಗೋಕೆ ಇನ್ನೂ ಬೇಕಾದಷ್ಟು ದಿನ ಐತೆ ತಂಬಿ. ಒಂದೇ ದಿನಕ್ಕೆ ಎಲ್ಲಾ ಕಳ್ಕೋಬೇಡ. ನೀನೂ ನಮ್ಮ ಮಾತಿನವನಾ?"

ಅಲ್ಲಿಂದ ಅವಳು ನನಗೆ ಅಕ್ಕ, ನಾನು ಅವಳಿಗೆ ತಂಬಿ. ಅವರದು ಸೂಲೂರಿನ ಆಚೆಯ ಒಂದು ಹಳ್ಳಿ. ಯಾವ ಕಾಲಕ್ಕೆ ಮೇಲಿನ ಸೀಮೆಯಿಂದ ಇಳಿದು ಬಂದರೋ ಅವರಿಗೇ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯ ಪಕ್ಕದಲ್ಲೇ ಒಲೆ ಹೂಡಿ ಇದ್ದಳು. ಒಮ್ಮೆ ಪೇಟೆಗೆ ಬಂದಾಗ ನಮ್ಮ ಮನೆಗೆ ಕರೆದುಕೊಂಡು ಹೋಗಿದ್ದೆ. ಅವಳು ಹೋದ ಮೇಲೆ ನನ್ನ ತಾಯಿ, "ಅದೇನು ಕನ್ನಡಾನಾ?" ಎಂದು ನಕ್ಕಳು. ನಮ್ಮ ಮನೆಯ ಮಾತು ಕೇಳಿ ಮೈಸೂರಿನ ನೆಂಟರು ಇದೇ ಮಾತು ಹೇಳಿ ನಕ್ಕಿದ್ದನ್ನು ತಾಯಿ ಮರೆತಿದ್ದಳು.

ಕಳೆಗಳನ್ನು ಅಕ್ಕ ಬೈಯುವುದು ನೆಂಟರಿಷ್ಟರನ್ನು ಬೈದ ಹಾಗೆ. ಕೋರೆ ಹುಲ್ಲು ಅವಳಿಗೆ ಅಳಿಯ. "ಕಳಿಸಿಕೊಟ್ಟು ಬಾಗಿಲು ಹಾಕೋದ್ರೊಳಗೆ ಹಿತ್ತಲಿಂದ ಬಂದು ಕೂತಿರ್ತಾನೆ." ಗರಿಕೆ ಅತ್ತೆ. "ಕಿತ್ತರೂ ಬೇರು ಮನೇಲೇ." ಅಣ್ಣೆ ಸೊಪ್ಪು, ಕೀರೆ ಸೊಪ್ಪು, ಗೋಣಿ ಸೊಪ್ಪು ಇವು ಮಾತ್ರ ತವರಿನಿಂದ ಬಂದ ಹೆಣ್ಣುಮಕ್ಕಳು. ಇವನ್ನು ಕೆತ್ತಿ ಬದುವಿಗೆ ಎಸೆಯುತ್ತಿರಲಿಲ್ಲ. ಎಳೆಯದನ್ನು ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಸಂಜೆ ಹನ್ನೊಂದು ಮಡಿಲೂ ತುಂಬಿ ಹೋಗುತ್ತಿತ್ತು. ಆ ಸೀಮೆಯಲ್ಲಿ ಯಾರ ಹೊಲಕ್ಕೆ ಹೋದರೂ ಅದೇ ಪದ್ಧತಿ. ಕಳೆ ತೆಗೆದವಳಿಗೆ ಸೊಪ್ಪು. ಅದಕ್ಕೆ ಹೊಲದ ಒಡೆಯನನ್ನು ಕೇಳುವುದಿಲ್ಲ, ಅವನೂ ಕೇಳುವುದಿಲ್ಲ. ವಾರಕ್ಕೆರಡು ದಿನವಾದರೂ ಅಕ್ಕ ನನಗೆ ಒಂದು ಪುಟ್ಟ ತೂಕಿನಲ್ಲಿ, ಎಂದರೆ ಹಿಡಿಕೆಯ ಡಬ್ಬಿಯಲ್ಲಿ, ಕಡೆದ ಸೊಪ್ಪು ತರುತ್ತಿದ್ದಳು. ಸಜ್ಜೆಯ ಕಂಬು ಅನ್ನದ ಜೊತೆ ಅದನ್ನು ತಿಂದ ನನ್ನ ನಾಲಿಗೆಗೆ ಮನೆಯ ಸಾರು ಸಪ್ಪೆ ಅನ್ನಿಸತೊಡಗಿತ್ತು.

ನಮ್ಮ ಅಧಿಕಾರಿಯನ್ನು ಎಲ್ಲರೂ ಸಾರ್ ಎನ್ನುತ್ತಿದ್ದರು. ತಮಿಳರು. ಬಿರುಸು ಬಾಯಿ, ಒಳ್ಳೆಯ ಮನಸ್ಸು. ಆದರೆ ಆ ಮನಸ್ಸು ಬಾಯಿಗಿಂತ ಎರಡು ದಿನ ಹಿಂದೆ ಬರುತ್ತಿತ್ತು. ಸೋಯಾ ಎನ್ನುವ ಹೊಸ ಕಾಳು ನಮ್ಮ ಸೀಮೆಗೆ ಹೊಂದುತ್ತದೆಯೇ ಎಂದು ನೋಡುವುದರ ಜೊತೆಗೆ, ಕಳೆ ಕೊಲ್ಲುವ ಔಷಧಿಗಳನ್ನು ಅದರ ಮೇಲೆ ಪರೀಕ್ಷಿಸಬೇಕೆಂದು ಅವರಿಗೆ ಮೇಲಿನಿಂದ ಆಜ್ಞೆಯಾಗಿತ್ತು. ಔಷಧಿಗಳು ಮೂರು. ಅವುಗಳಿಗೆ ಎದುರಾಗಿ, ಕೈಯಲ್ಲಿ ಎರಡು ಸಲ ಕಳೆ ತೆಗೆದ ಪಾತಿ. ಕೊನೆಯದಾಗಿ ಏನೂ ಮಾಡದೆ ಕಳೆಯನ್ನು ಅದರ ಪಾಡಿಗೆ ಬಿಟ್ಟ ಪಾತಿ. ಏನೂ ಮಾಡದಿದ್ದರೆ ಎಷ್ಟು ಹಾಳಾಗುತ್ತದೆ ಎಂದು ಗೊತ್ತಾದರೆ ತಾನೇ, ಮಾಡಿದ್ದರಿಂದ ಎಷ್ಟು ಉಳಿಯಿತು ಎಂದು ಹೇಳಲು ಸಾಧ್ಯ? ಹೀಗೆ ಐದು ಬಗೆ. ಒಂದೊಂದಕ್ಕೂ ನಾಲ್ಕು ಪಾತಿ. ಒಟ್ಟು ಇಪ್ಪತ್ತು ಪಾತಿಗಳನ್ನು ಚೀಟಿ ಎತ್ತಿ ಕಲಸಿಹಾಕಿದ್ದೆವು.

"ಏನಕ್ಕೆ ಹಿಂಗೆ ಕಲಸೋದು?" ಎಂದು ಅಕ್ಕ ಕೇಳಿದಳು. ನೆಲ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಒಂದು ಔಷಧಿಗೇ ಒಳ್ಳೆ ನೆಲ ಸಿಕ್ಕಿಬಿಡಬಾರದು ಎಂದೆ.

"ಓ, ಅಣ್ಣತಮ್ಮಂದಿರು ಪಾಲು ಹಂಚ್ಕೊಳ್ಳೋವಾಗ ಚೀಟಿ ಎತ್ತೋ ಹಂಗೆ. ನಿಮ್ಮ ಸಾರ್ ಬುದ್ಧಿವಂತ್ರು" ಎಂದಳು. ಆಮೇಲೆ ಸ್ವಲ್ಪ ಹೊತ್ತು ಕೆತ್ತಿ, "ನಮ್ಮ ಕೈಗೂ ಆ ಮರುಂದಿಗೂ ಪಂದ್ಯ ಕಟ್ಟಿದೀರ, ಅಲ್ವಾ?" ಎಂದಳು. ಮರುಂದು ಎಂದರೆ ಔಷಧಿ. ನಾನು ಹೌದು ಎಂದೆ. "ಮರುಂದು ಗೆದ್ದರೆ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಹೊರಗಿನ ಹೊಲಗಳಲ್ಲಿ ಕಳೆ ಕೆಲಸ ಹಂಗಾಮಿಗೆ ಮಾತ್ರ. ಫಾರಂನಲ್ಲಿ ವರ್ಷದ ಹನ್ನೆರಡು ತಿಂಗಳೂ ಒಂದಲ್ಲ ಒಂದು ಪಾತಿಯಲ್ಲಿ ಕೆಲಸವಿರುತ್ತಿತ್ತು. ಹನ್ನೊಂದು ಮನೆಯ ಒಲೆ ಅದನ್ನೇ ನಂಬಿತ್ತು.

ಔಷಧಿ ಹೊಡೆಯುವುದು ಬೆಳಗಿನ ಜಾವ, ಗಾಳಿ ಏಳುವ ಮುಂಚೆ. ಪಾಲಕ್ಕಾಡಿನ ಕಣಿವೆಯಿಂದ ಬರುವ ಗಾಳಿ ಆಡಿಯಲ್ಲಿ, ಎಂದರೆ ಆಷಾಢದಲ್ಲಿ, ಯಾರಪ್ಪನ ಮಾತೂ ಕೇಳುವುದಿಲ್ಲ. ಆಡಿ ಗಾಳಿಗೆ ಅರೆಯುವ ಕಲ್ಲೇ ಹಾರುತ್ತದೆ ಎಂದು ಅಲ್ಲಿಯವರು ಸುಮ್ಮನೆ ಹೇಳುವುದಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡ ಆಳು ಎರಡನೆಯ ಔಷಧಿ ಹೊಡೆದು ಬಂದಾಗ ಅವನ ಎರಡೂ ಅಂಗೈ ಹಳದಿ. ಸೋಪು ಹಾಕಿ ತಿಕ್ಕಿದರೂ ಹೋಗಲಿಲ್ಲ. ಅಕ್ಕ ಅವನ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು.

"ಇದು ಮನುಷ್ಯರಿಗೆ ಏನೂ ಮಾಡಲ್ವಾ ಅಂತ ಸಾರ್‌ನ ಕೇಳು ತಂಬಿ."

ಕೇಳಿದೆ. ಸಾರ್ ಏನನ್ನೋ ಬರೆಯುತ್ತಿದ್ದರು. ತಲೆ ಎತ್ತದೆ, ಅದು ಹುಲ್ಲು ಕೊಲ್ಲುವ ಔಷಧಿ, ಮನುಷ್ಯರನ್ನಲ್ಲ ಎಂದರು. ನಾನು ಅದನ್ನೇ ತಂದು ಹೇಳಿದೆ.

"ಹುಲ್ಲು ಕೊಲ್ಲೋದು ಹಸುನ ಬಿಡ್ತದಾ?" ಎಂದಷ್ಟೇ ಹೇಳಿ ಅಕ್ಕ ತನ್ನ ಮೂಲೆಗೆ ಹೋದಳು.

ಮುಂದೆ ಆದದ್ದೆಲ್ಲ ಈ ಒಂದು ಮಾತಿನಿಂದ ಆದದ್ದು. ಆದರೆ ಅದು ನನ್ನ ಮಂದಬುದ್ಧಿಗೆ ಹೊಳೆಯಲು ಒಂದೂವರೆ ತಿಂಗಳು ಬೇಕಾಯಿತು.

ಬಿತ್ತಿ ನಲವತ್ತು ದಿನ ದಾಟಿದ ಮೇಲೆ ಕಳೆ ತೂಗುವ ದಿನ ಬಂತು. ಮರದ ಚೌಕಟ್ಟೊಂದನ್ನು ಪಾತಿಯೊಳಗೆ ಎಸೆಯುವುದು, ಅದು ಬಿದ್ದ ಕಡೆ ಒಳಗಿರುವ ಕಳೆಯನ್ನೆಲ್ಲ ಕಿತ್ತು ತೂಗುವುದು. ಏನೂ ಮಾಡದೆ ಬಿಟ್ಟ ಪಾತಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಳೆ ಸಿಗಬೇಕು. ನಮಗೆ ಸಿಕ್ಕಿದ್ದು ಒಂದಿಷ್ಟು ಕೋರೆ, ಒಂದು ಹಿಡಿ ಗರಿಕೆ. ಮೂರನೆಯ ಔಷಧಿ ಹೊಡೆದ ಪಾತಿಗಳಲ್ಲೇ ಇದಕ್ಕಿಂತ ಜಾಸ್ತಿ ಇತ್ತು. ಪುಸ್ತಕವನ್ನು ನಂಬಿದರೆ, ಔಷಧಿ ಹೊಡೆದರೆ ಕಳೆ ಬೆಳೆಯುತ್ತದೆ, ಸುಮ್ಮನೆ ಕೂತರೆ ಸಾಯುತ್ತದೆ! ಸಾರ್ ನಾಲ್ಕೂ ಪಾತಿಗಳಲ್ಲಿ ಬಗ್ಗಿ ನೋಡಿದರು. ಎಲ್ಲೆಲ್ಲೂ ಚಿವುಟಿದ ಗುರುತು. ಬುಡ ಇತ್ತು, ತಲೆ ಇರಲಿಲ್ಲ. ಎಷ್ಟೋ ಕಡೆ ಬುಡವೂ ಇರಲಿಲ್ಲ.

ಅವರ ಮುಖ ಕೆಂಪೇರಿತು. ಹೆಂಗಸರನ್ನೆಲ್ಲ ಬದುವಿನ ಮೇಲೆ ನಿಲ್ಲಿಸಿ, "ಯಾರಮ್ಮಾ ಇದು?" ಎಂದು ಕೂಗಿದರು.

"ನಾವೇ ಸಾರ್" ಎಂದಳು ಅಕ್ಕ, ತಮಿಳಿನಲ್ಲಿ. ಒಂದು ಕ್ಷಣವೂ ತಡಮಾಡಲಿಲ್ಲ. "ನಾನೇ ಇವರಿಗೆ ಹೇಳಿದ್ದು."

ಸಾರ್‌ಗೆ ಬೇರೆ ಪ್ರಶ್ನೆಯೇ ಬೇಕಾಗಲಿಲ್ಲ. ಔಷಧಿ ಗೆದ್ದರೆ ನಿಮ್ಮ ಕೂಲಿ ಹೋಗುತ್ತದೆ ಎಂದು ಬಿಟ್ಟ ಪಾತಿಯನ್ನು ಕದ್ದು ಶುಚಿ ಮಾಡಿದ್ದೀರಿ, ಒಂದು ವರ್ಷದ ಕೆಲಸ ಮಣ್ಣುಪಾಲು ಮಾಡಿದ್ದೀರಿ, ಇದು ಕಳ್ಳತನ ಎಂದು ಬೈದರು. ಆ ಕೊನೆಯ ಮಾತು ಬಿದ್ದಾಗ ಅಕ್ಕನ ಕತ್ತು ನೆಟ್ಟಗಾಯಿತು. ಅವಳು ನನ್ನ ಕಡೆ ಒಮ್ಮೆ ನೋಡಿದಳು.

ನನಗೆ ಆ ಸೊಪ್ಪು ಎಲ್ಲಿಗೆ ಹೋಯಿತು ಎಂದು ಗೊತ್ತಿತ್ತು. ಅದರಲ್ಲಿ ಒಂದು ಪಾಲು ನನ್ನ ಹೊಟ್ಟೆಗೇ ಹೋಗಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಕೆಲಸ ಹೊಸದು, ಸಾರ್ ಕೋಪದಲ್ಲಿದ್ದರು, ಹೀಗೆ ಕಾರಣ ಎಷ್ಟು ಬೇಕಾದರೂ ಕೊಡಬಹುದು. ನಿಜ ಏನೆಂದರೆ ನಾನು ಹೆದರಿದೆ. ಸಾರ್ ಹೇಳಿದ್ದನ್ನು, 'ಕೂಲಿ ಹೆಂಗಸರು ಕದ್ದು ಕಳೆ ತೆಗೆದ ಕಾರಣ' ಎಂದು ಪುಸ್ತಕದಲ್ಲಿ ನನ್ನ ಕೈಯಾರೆ ಬರೆದೆ. ಈಗ ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮಾರನೆಯ ದಿನ ಹನ್ನೊಂದು ಮಂದಿಯಲ್ಲಿ ಒಬ್ಬರೂ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಮಧ್ಯಾಹ್ನ ಊಟದ ಡಬ್ಬಿ ತೆಗೆದವನು ಮತ್ತೆ ಮುಚ್ಚಿಟ್ಟೆ. ಎದ್ದು ಸಾರ್ ಕೋಣೆಗೆ ಹೋದೆ.

"ಆ ಸೊಪ್ಪು ನಾನೂ ತಿಂದಿದ್ದೇನೆ ಸಾರ್" ಎಂದೆ.

ಅವರು ಪೆನ್ನು ಕೆಳಗಿಟ್ಟರು. ಕಳೆ ತೆಗೆದವಳಿಗೆ ಸೊಪ್ಪು ಎನ್ನುವ ಪದ್ಧತಿಯನ್ನು ಹೇಳಿದೆ. "ಸರಿ, ಆದರೆ ಸೊಪ್ಪು ಇಪ್ಪತ್ತು ಪಾತಿಯಲ್ಲೂ ಇತ್ತಲ್ಲ. ಆ ನಾಲ್ಕನ್ನೇ ಏಕೆ ಬೋಳು ಮಾಡಿದರು?" ಎಂದು ಕೇಳಿದರು. ಅದು ನನಗೂ ಗೊತ್ತಿರಲಿಲ್ಲ. ಸಾರ್ ಟೋಪಿ ತೆಗೆದುಕೊಂಡು, "ಸೈಕಲ್ ತೆಗೆ" ಎಂದರು.

ಎದುರು ಗಾಳಿ. ಇಬ್ಬರೂ ತುಳಿದೂ ತುಳಿದೂ ಆ ಹಳ್ಳಿ ಸೇರುವ ಹೊತ್ತಿಗೆ ಮಾತಾಡಲು ಉಸಿರಿರಲಿಲ್ಲ. ಅಕ್ಕ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎದ್ದು ನಿಂತು, ಮೊದಲು ಮಜ್ಜಿಗೆ ತಂದು ಕೊಟ್ಟಳು. ಸಾರ್ ಕುಡಿದು ಚೊಂಬು ಕೆಳಗಿಟ್ಟು, ನನಗೆ ಕೇಳಿದ ಪ್ರಶ್ನೆಯನ್ನೇ ಅವಳಿಗೆ ಕೇಳಿದರು. ಆ ನಾಲ್ಕು ಪಾತಿ ಮಾತ್ರ ಏಕೆ?

"ಅಲ್ಲಿ ಮಾತ್ರ ತಾನೇ ಸಾರ್ ನಿಮ್ಮ ವಿಷ ಬಿದ್ದಿಲ್ಲ? ನಾವು ಕೆತ್ತೋ ನಾಲ್ಕು ಪಾತಿಲಿ ಸೊಪ್ಪು ಎರಡು ದಿನಕ್ಕೇ ಮುಗೀತು. ಮಿಕ್ಕ ಹನ್ನೆರಡರಲ್ಲಿ ಅವನು ಪಂಪು ಹೊಡೆದವ್ನೆ. ಅಲ್ಲಿ ಒಂದೆಲೆ ಚಿವುಟಿದರೂ ಕೈ ಮುರೀತೀನಿ ಅಂತ ಇವರಿಗೆಲ್ಲ ಹೇಳಿದ್ದೆ. ಮನೇಲಿ ಮಕ್ಕಳು ತಿನ್ನೋದು."

ಸಾರ್ ಜಗಲಿಯ ಮೇಲೆ ಕೂತರು. ಯಾವ ಪಾತಿಗೆ ಯಾವ ಔಷಧಿ ಎಂದು ನಾವು ಹೆಂಗಸರಿಗೆ ಹೇಳಿರಲಿಲ್ಲ. ಗೂಟದ ಮೇಲಿನ ಅಂಕಿ ಅವಳಿಗೆ ಓದಲು ಬಾರದು. ಚೀಟಿ ಎತ್ತಿ ನಾವು ಕಲಸಿದ್ದನ್ನು ಅವಳು ಒಂದೇ ಬೆಳಗ್ಗೆ, ಪಂಪಿನ ಆಳು ಎಲ್ಲಿ ಕಾಲಿಡಲಿಲ್ಲ ಎಂದು ನೋಡಿಯೇ ಬಿಡಿಸಿಟ್ಟುಕೊಂಡಿದ್ದಳು. ಹೊಡೆದ ಪಾತಿಯ ಸೊಪ್ಪು ತಿನ್ನಬೇಡಿ ಎಂದು ಹೇಳಬೇಕಾಗಿದ್ದದ್ದು ನಾವು. ನಮಗೆ ಅದು ಹೊಳೆದೇ ಇರಲಿಲ್ಲ.

"ನನ್ನಿಂದ ತಪ್ಪಾಯಿತಮ್ಮ" ಎನ್ನಲು ಸಾರ್‌ಗೆ ಬಾಯಿ ಬರಲಿಲ್ಲ. "ಇದನ್ನು ಆವತ್ತೇ ಹೇಳಬಹುದಿತ್ತಲ್ಲ" ಎಂದರು.

"ಕಳ್ಳಿ ಅಂದ ಮೇಲೆ ಏನು ಹೇಳಿದ್ರೂ ಅದು ಕಳ್ಳಿ ಮಾತೇ ಆಗ್ತದೆ" ಎಂದಳು. ಆಮೇಲೆ, ಯೋಚನೆ ಮಾಡಿಟ್ಟುಕೊಂಡಿದ್ದವಳಂತೆ, "ಮುಂದಿನ ಆಡಿಗೆ ಇನ್ನೊಂದು ಸಾರಿ ಬಿತ್ತಿ ಸಾರ್. ಬಿಟ್ಟ ಪಾತಿಗೆ ನಾನು ಕಾವಲು ಕೂರ್ತೀನಿ. ಒಂದೆಲೆ ಹೋಗಲ್ಲ. ಸೊಪ್ಪಿಗೆ ಬಾವಿ ಪಕ್ಕ ಮರುಂದು ಬೀಳದ ಒಂದು ತುಂಡು ನೆಲ ಬಿಟ್ಟುಕೊಡಿ, ಸಾಕು" ಎಂದಳು.

ಸಾರ್ ಒಪ್ಪಿದರು. ಮಾರನೆಯ ದಿನ ಹನ್ನೊಂದು ಮಂದಿಯೂ ಬಂದರು. ನಾನು ಅಕ್ಕನ ಹತ್ತಿರ ಹೋಗಿ, ಆವತ್ತು ನಾನು ಬಾಯಿ ಬಿಡಬೇಕಾಗಿತ್ತು ಎಂದೆ. "ಆಮಾ, ಬಿಡಬೇಕಾಗಿತ್ತು" ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಆದರೆ ಸಂಜೆ ಹೋಗುವಾಗ, ನನ್ನ ಹತ್ತಿರವೇ ಉಳಿದಿದ್ದ ತೂಕನ್ನು ತೊಳೆದು ಕೊಡು ಎಂದು ಕೇಳಿ ಇಸಿದುಕೊಂಡಳು. ಆಗ ನನಗೆ ಅಳು ಬಂದದ್ದು ನಿಜ.

ಎರಡನೆಯ ವರ್ಷ ಅವಳು ಕಾದ ರೀತಿಯನ್ನು ನೋಡಿದವರಿಗೆ ಮಾತ್ರ ಗೊತ್ತು. ಮಧ್ಯಾಹ್ನ ಉಳಿದವರು ಬೇವಿನ ನೆರಳಿನಲ್ಲಿ ಒರಗಿದರೆ, ಇವಳು ಬದುವಿನ ಮೇಲೆ ತಲೆಗೆ ಸೆರಗು ಹೊದ್ದು ಕೂರುತ್ತಿದ್ದಳು. ಪಕ್ಕದ ಹಳ್ಳಿಯಿಂದ ಸೊಪ್ಪಿಗೆ ಬಂದವರನ್ನು ಓಡಿಸಿದಳು. ಆಡುಗಳನ್ನು ಓಡಿಸಿದಳು. ಬಿಟ್ಟ ಪಾತಿಗಳಲ್ಲಿ ಅಣ್ಣೆ ಸೊಂಟದೆತ್ತರ ಬೆಳೆದು ತುದಿಯಲ್ಲಿ ಬಿಳಿಗೆಂಪು ಹೂ ಬಿಟ್ಟಿತು. ಸೋಯಾ ಅದರೊಳಗೆ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ದಾರಿಯಲ್ಲಿ ಪಲ್ಲಡದ ಕಡೆಗೆ ಹೋಗುವ ಗಾಡಿಯವರು ನಿಲ್ಲಿಸಿ, "ಯಾರ ಹೊಲಾಮ್ಮ ಇದು? ಮನೆಯಲ್ಲಿ ಹೆಂಗಸರಿಲ್ವಾ?" ಎಂದು ಕೇಳುತ್ತಿದ್ದರು. ಕಳೆ ಬಿಟ್ಟ ಹೊಲ ನೋಡಿದರೆ ಆ ಸೀಮೆಯಲ್ಲಿ ಮೊದಲು ಹೋಗುವುದು ಹೆಂಗಸರ ಮಾನ.

"ಕಣ್ಣಿಗೆ ಮುಳ್ಳು ಆಡಿಸಿದಂಗೆ ಆಗ್ತದೆ ತಂಬಿ" ಎಂದು ಒಮ್ಮೆ ನನ್ನ ಹತ್ತಿರ ಹೇಳಿಕೊಂಡಳು. "ಒಂದು ಹೊತ್ತು ಬಿಡು ನನ್ನ, ನಾಲ್ಕೂ ಕನ್ನಡಿ ಮಾಡಿಬಿಡ್ತೀನಿ." ಆದರೆ ಕೈಯನ್ನು ಮಡಿಲಲ್ಲೇ ಕಟ್ಟಿಕೊಂಡು ಕೂತಳು.

ಅವಳ ಗುಂಪಿನಲ್ಲಿ ಗಟ್ಟಿ ಬಾಯಿಯವಳೊಬ್ಬಳಿದ್ದಳು. ಅವಳಿಗೆ ತಡೆಯಲಾಗಲಿಲ್ಲ. "ಯಾಕಕ್ಕಾ ಹಿಂಗೆ ಕಾಯ್ತೀಯ? ಇದು ಹಾಳಾದಷ್ಟೂ ಮರುಂದಿಗೇ ಹೆಸರು ಬರೋದು. ಆಮೇಲೆ ನಮ್ಮನ್ನ ಯಾರು ಕರೀತಾರೆ?" ಎಂದು ಎಲ್ಲರೆದುರಿಗೆ ಕೇಳಿದಳು.

"ಗೆಲ್ಲೋದಾದ್ರೆ ನಮ್ಮ ನಾಲ್ಕು ಪಾತಿಲಿ ಗೆಲ್ಲೋಣ" ಎಂದಳು ಅಕ್ಕ. "ಬಾ, ಕೂತ್ಕೋ."

ಆ ನಾಲ್ಕು ಪಾತಿಗಳನ್ನು ಅವರು ಕೆತ್ತಿದ ಚೆಂದವನ್ನು ನಾನು ಮತ್ತೆಲ್ಲೂ ನೋಡಿಲ್ಲ. ಕೋರೆಯ ಗೆಡ್ಡೆಯನ್ನು ಬೆರಳು ತೂರಿಸಿ ಬುಡಸಮೇತ ತೆಗೆದರು. ಸೋಯಾದ ಒಂದು ಬೇರೂ ಅಲುಗಲಿಲ್ಲ. ಸಾರ್ ಕೂಡ ದಿನಕ್ಕೊಂದು ಸಲ ಬಂದು ಸುಮ್ಮನೆ ನಿಂತು ನೋಡಿ ಹೋಗುತ್ತಿದ್ದರು. ಮೊದಲನೆಯ ಔಷಧಿ ಪೈರನ್ನೇ ಸುಟ್ಟಿತು. ಮೂರನೆಯದು ಕಳೆಗೆ ಗೊಬ್ಬರ ಹಾಕಿದಂತೆ ಆಯಿತು. ಎರಡನೆಯದು, ಆ ಕೈ ಹಳದಿ ಮಾಡುವುದು, ನಿಧಾನವಾಗಿ ನಮ್ಮ ಎದೆಯಲ್ಲಿ ಹೆದರಿಕೆ ಹುಟ್ಟಿಸತೊಡಗಿತು. ಅದನ್ನು ಹೊಡೆದ ಪಾತಿಗಳು ತುಂಬಾ ಹಸಿರಾಗಿದ್ದವು. ಫಾರಂನ ಸಂಬಳ ತಿನ್ನುವ ನಾನು ಔಷಧಿ ಸೋಲಲಿ ಎಂದು ಒಳಗೊಳಗೇ ಹರಸಿಕೊಂಡೆ.

ಸೋಯಾ ನಮ್ಮ ಕಡೆ ಆಗ ನೆಲೆಯೂರಲಿಲ್ಲ. ಹೊರಗಿನ ರೈತರ ಹೊಲಗಳಿಗೆ ಔಷಧಿ ಬರಲು ಎಷ್ಟೋ ವರ್ಷ ಹಿಡಿಯಿತು. ಉಡುಮಲೈಪೇಟೆ, ಧಾರಾಪುರಂ ಕಡೆಯ ಹತ್ತಿ, ಕಡಲೆಕಾಯಿ ಹೊಲಗಳಲ್ಲಿ ಕಳೆಕೊತ್ತಿನ ಸದ್ದು ಬಹಳ ಕಾಲ ಕೇಳುತ್ತಿತ್ತು. ಇದೆಲ್ಲ ನನಗೆ ಈಗ ಗೊತ್ತು. ಆ ದಿನ ಕಣದಲ್ಲಿ ನಿಂತ ಹನ್ನೊಂದು ಮಂದಿಗೆ ಗೊತ್ತಿರಲಿಲ್ಲ.

ದೀಪಾವಳಿ ಕಳೆದು ಕಾಳು ಬಡಿದು ತೂರಿದ ಮೇಲೆ, ಒಂದೊಂದು ಬಗೆಯ ನಾಲ್ಕು ಪಾತಿಯ ಫಸಲನ್ನು ಒಂದೊಂದು ಮೂಟೆ ಕಟ್ಟಿದ್ದೆವು. ಐದು ಮೂಟೆ. ಹುಣಸೆ ಮರದ ಕೊಂಬೆಗೆ ದೊಡ್ಡ ತಕ್ಕಡಿ ನೇತುಹಾಕಿ ಸಾರ್ ಅದರ ಮುಳ್ಳು ಸರಿಮಾಡುತ್ತಿದ್ದರು. ಮೂಟೆ ಎತ್ತಿಕೊಡಲು ಅಕ್ಕ ಮುಂದೆ ಬಂದಳು. ಬಿಟ್ಟ ಪಾತಿಯ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತಿ, "ಇದು ಮೂಟೆ ಅಲ್ಲ, ತಲೆದಿಂಬು" ಎಂದಳು. ಎಲ್ಲರೂ ನಕ್ಕರು. ಮೊದಲನೆಯ ಔಷಧಿಯದು ಹಗುರ, ಮೂರನೆಯದು ಅದಕ್ಕಿಂತ ಸ್ವಲ್ಪ ವಾಸಿ. ತೂಗಿ, ಬರೆದು ಆಯಿತು.

ಉಳಿದದ್ದು ಎರಡು. ಅಕ್ಕ ತಾವು ಕಳೆ ತೆಗೆದ ಪಾತಿಗಳ ಮೂಟೆಯನ್ನು ಎತ್ತಿ ಎದೆಗೆ ಆನಿಸಿಕೊಂಡು ಕೆಳಗಿಟ್ಟಳು. ಎರಡನೆಯ ಔಷಧಿಯದನ್ನು ಎತ್ತಿದಳು, ಇಟ್ಟಳು. ಮತ್ತೆ ತಮ್ಮದು. ಮತ್ತೆ ಅದು. ಸಾರ್ ಹಿಂದಿನ ಮೂಟೆ ಇಳಿಸಿ ತಕ್ಕಡಿಯ ಹಗ್ಗ ಸರಿಮಾಡುತ್ತಿದ್ದರು. ಹೆಂಗಸರ ನಗು ನಿಂತಿತು. ಮೂರನೆಯ ಸಲ ಎರಡನ್ನೂ ಎತ್ತಿ ಇಳಿಸಿ, ಕೈ ಒರೆಸಿಕೊಂಡು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು:

"ಸಾರ್‌ಗೆ ಹೇಳು ತಂಬಿ. ಎರಡೂ ಒಂದೇ."

"ಅಕ್ಕಾ, ಇನ್ನೊಂದು ಸಲ ನೋಡು" ಎಂದಳು ಆ ಗಟ್ಟಿ ಬಾಯಿಯವಳು. ಅವಳ ದನಿ ಅಷ್ಟು ಸಣ್ಣಗೆ ಬಂದದ್ದನ್ನು ನಾನು ಅಂದೇ ಕೇಳಿದ್ದು.

"ಮೂರು ಸಲ ನೋಡಿದೆ ಕಣೇ."

ಸಾರ್ ತಕ್ಕಡಿಯ ಎರಡು ತಟ್ಟೆಗೆ ಎರಡು ಮೂಟೆ ಹಾಕಿಸಿದರು. ದಂಡ ಸ್ವಲ್ಪ ತೂಗಾಡಿ ನೇರವಾಗಿ ನಿಂತಿತು. ಹನ್ನೊಂದು ಮಂದಿ ಎರಡು ಸಲ ಬೆನ್ನು ಬಗ್ಗಿಸಿ ಮಾಡಿದ್ದನ್ನು ಒಬ್ಬ ಆಳು ಗಾಳಿ ಏಳುವುದರೊಳಗೆ ಮಾಡಿ ಮುಗಿಸಿದ್ದ. ಸಮ ಎಂದರೆ ಸೋಲು ಎಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಬರಿ" ಎಂದಳು ಅಕ್ಕ. "ಎರಡೂ ಒಂದೇ ಅಂತ ಬರಿ. ಈ ವರ್ಷ ಬಿಟ್ಟ ಪಾತಿಲಿ ಯಾರೂ ಒಂದೆಲೆ ಕೀಳಲಿಲ್ಲ, ಅದನ್ನೂ ಬರಿ."

ಬರೆದೆ. ಸಾರ್ ಓದಿ, ಎರಡನೆಯ ವಾಕ್ಯದ ಕೆಳಗೂ ಬೇರೆಯಾಗಿ ಒಂದು ಸಹಿ ಹಾಕಿದರು. ಅದನ್ನು ನಾನು ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಕೇಳಿಸಿಕೊಂಡು, "ಆಯ್ತು" ಎಂದಳು.

ಸಂಕ್ರಾಂತಿಗೆ ತೈ ತಿಂಗಳು ಹುಟ್ಟಿದ ಮೇಲೆ ಮೇಲಿನಿಂದ ಆಜ್ಞೆ ಬಂತು. ಇನ್ನು ಫಾರಂಗೆ ಕಳೆ ತೆಗೆಯಲು ಮೂವರು ಹೆಂಗಸರು ಸಾಕು. ಯಾರು ಆ ಮೂವರು ಎಂದು ಆರಿಸುವ ಕೆಲಸವನ್ನು ಸಾರ್ ಅಕ್ಕನಿಗೇ ಬಿಟ್ಟರು. ಅವಳನ್ನು ಸೇರಿ ಮೂವರು ಎಂದು ಒತ್ತಿ ಹೇಳಿ ಕಳಿಸಿದರು. ನಾನು ಪುಸ್ತಕ ಹಿಡಿದು ಬಾವಿಯ ಹತ್ತಿರ ಹೋಗಿ ಕೇಳಿದೆ. ಅಕ್ಕ ಮೂರು ಹೆಸರು ಹೇಳಿದಳು. ಕೈಗೂಸಿನವಳೊಬ್ಬಳು, ಗಂಡ ಮೂಲೆ ಹಿಡಿದವಳೊಬ್ಬಳು, ಆ ಗಟ್ಟಿ ಬಾಯಿಯವಳು. ಅದರಲ್ಲಿ ಅಕ್ಕನ ಹೆಸರಿರಲಿಲ್ಲ. ಸರಿಯಾಗಿ ಕೇಳಿಸಲಿಲ್ಲ ಎಂದೆ. ಅವೇ ಮೂರು ಹೆಸರನ್ನು ಇನ್ನೊಮ್ಮೆ, ನಾನು ಬರೆದುಕೊಳ್ಳಲು ಅನುಕೂಲವಾಗುವಂತೆ ನಿಧಾನವಾಗಿ ಹೇಳಿದಳು.